ಮ್ಯೂಸಿಕಲ್ ಕಾಮಿಡಿ ನಾಟಕದ ಆಡಿಷನ್‌ಗೆ ಬರೋರು ಪದೇ ಪದೇ ಕೇಳೋ ಪ್ರಶ್ನೆಗಳು

ಹೊಸ ನಾಟಕದ ಪೋಸ್ಟರ್ ವಾಟ್ಸಾಪಲ್ಲಿ ಓಡಾಡೋಕೆ ಶುರುವಾದ್ರೆ ಸಾಕು, ಫೋನ್ ಮೇಲೆ ಫೋನು. ಎಲ್ಲರದ್ದೂ ಹೆಚ್ಚುಕಮ್ಮಿ ಅದೇ ಪ್ರಶ್ನೆಗಳು, ಹಂಗಾಗಿ ಒಂದೇ ಕಡೆ ಬರೆದಿಟ್ಟಿದೀನಿ. ನಮ್ಮದು ಹವ್ಯಾಸಿ ತಂಡ, ಹಗಲು ಎಲ್ಲರಿಗೂ ಬೇರೆ ಕೆಲಸ ಇದೆ, ಸಂಜೆ ನಾಟಕ. ಹಾಡು ಕುಣಿತ ಇರೋ ಹಾಸ್ಯ ನಾಟಕಗಳನ್ನ ಮಾಡ್ತೀವಿ, ಆಡಿಷನ್ ಟೇಬಲ್ ಹಿಂದೆ ಕೂರೋರಲ್ಲಿ ನಾನೂ ಒಬ್ಬ. ಇಲ್ಲಿ ಹೇಳಿರೋದು ಬೆಂಗಳೂರು ಮೈಸೂರು ಕಡೆ ಹವ್ಯಾಸಿ ತಂಡಗಳಲ್ಲಿ ನಡೆಯೋ ರೀತಿ, ತಂಡದಿಂದ ತಂಡಕ್ಕೆ ಸ್ವಲ್ಪ ಆಚೆ ಈಚೆ ಇರುತ್ತೆ.

ನಾನು ಸಂಗೀತ ಕಲಿತಿಲ್ಲ. ಬರಬಹುದಾ?

ಖಂಡಿತ ಬನ್ನಿ. ಅತಿ ಹೆಚ್ಚು ಕೇಳೋ ಪ್ರಶ್ನೆ ಇದೇ, ಇದೊಂದೇ ಭಯಕ್ಕೆ ಬರದೇ ಉಳಿದುಬಿಡೋರು ಎಷ್ಟು ಜನ ಇದಾರೋ ಅಂತ ನೆನೆಸ್ಕೊಂಡ್ರೆ ನಿಜಕ್ಕೂ ಬೇಜಾರಾಗುತ್ತೆ.

ಆಡಿಷನ್‌ನಲ್ಲಿ ಹಾಡಿನ ಮಟ್ಟಿಗೆ ನಾವು ನೋಡೋದು ಎರಡೇ. ಹಾರ್ಮೋನಿಯಂ ಮೇಲೆ ಒಂದು ಮನೆ (ಅಂದ್ರೆ ಕೀ) ಒತ್ತಿದ್ರೆ ನಿಮ್ಮ ದನಿ ಅಲ್ಲಿಗೆ ಬಂದು ಕೂರುತ್ತಾ, ಒಂದು ಸಲಕ್ಕೆ ಕೂರ್ದಿದ್ರೂ ಎರಡು ಮೂರು ಸಲಕ್ಕೆ ಹತ್ರ ಬರುತ್ತಾ. ಇನ್ನೊಂದು, ತಾಳ ಹಾಕ್ತಾ ಹಾಡಿದ್ರೆ ಲಯ ಓಡುತ್ತಾ ನಿಲ್ಲುತ್ತಾ. ಇಷ್ಟು ಇದ್ರೆ ಮಿಕ್ಕಿದ್ದನ್ನ ರಿಹರ್ಸಲ್‌ನಲ್ಲಿ ಕಲಿಸಬಹುದು. ರಂಗಗೀತೆಗೂ ಕಛೇರಿ ಸಂಗೀತಕ್ಕೂ ದಾರಿ ಬೇರೆ ಬೇರೆ. ನಾಟಕದಲ್ಲಿ ಹಾಡು ಅಂದ್ರೆ ಪಾತ್ರ ಮಾತಾಡ್ತಾ ಮಾತಾಡ್ತಾ ಮಾತು ಸಾಲದೆ ಹಾಡೋಕೆ ಶುರು ಮಾಡಿದೆ ಅಂತ, ಆದ್ದರಿಂದ ಸಾಹಿತ್ಯ ಕೊನೇ ಸಾಲಲ್ಲಿ ಕೂತಿರೋ ಅಜ್ಜಿಗೂ ಕೇಳಿಸ್ಬೇಕು. ರಂಗ ನಿರ್ದೇಶಕ ಬಿ.ವಿ. ಕಾರಂತರು ತಮ್ಮ ನಾಟಕಗಳಲ್ಲಿ ನಟರ ಬಾಯಿಂದಲೇ ಹಾಡಿಸ್ತಿದ್ರು, ಒರಟು ದನಿ ಇದ್ರೆ ಆ ಒರಟನ್ನೇ ಬಳಸ್ಕೊಂಡು ಹಾಡು ಕಟ್ಟೋರು. ಇವತ್ತು ಕನ್ನಡದಲ್ಲಿ ಹಾಡು ತುಂಬಿದ ನಾಟಕ ಮಾಡೋ ಹವ್ಯಾಸಿಗಳೆಲ್ಲ ಒಂದಲ್ಲ ಒಂದು ರೀತೀಲಿ ಅವರು ಹಾಕಿಕೊಟ್ಟ ದಾರಿಯಲ್ಲೇ ಇದೀವಿ.

ಸಂಗೀತ ಚೆನ್ನಾಗಿ ಕಲಿತು ಬಂದೋರಿಗೆ ಒಂದು ಮಾತು. ದಯವಿಟ್ಟು ಸಂಗತಿಗಳನ್ನ, ಅಂದ್ರೆ ಒಂದೇ ಸಾಲನ್ನ ಬೇರೆ ಬೇರೆ ಥರ ಬೆಳೆಸಿ ಹಾಡೋದನ್ನ, ಕಮ್ಮಿ ಮಾಡಿ. ಒಂದೊಂದು ಪದದ ಮೇಲೂ ಗಮಕ ಹಾಕ್ತಾ ಹೋದ್ರೆ ರಾಗ ಚಂದ ಕೇಳುತ್ತೆ ಆದ್ರೆ ಕಥೆ ಅಲ್ಲೇ ನಿಂತುಬಿಡುತ್ತೆ, ಎದುರಿಗಿರೋ ನಟ ಕೈಕಟ್ಟಿ ಕಾಯ್ತಾ ಇರ್ಬೇಕಾಗುತ್ತೆ.

ಆಡಿಷನ್ ದಿನ ಏನೇನು ಮಾಡಿಸ್ತೀರಿ?

ಮೊದಲು ಒಂದು ಫಾರಂ. ಹೆಸರು, ವಯಸ್ಸು, ಎಲ್ಲಿಂದ ಬರ್ತೀರಿ, ಯಾವ್ಯಾವ ದಿನ ಸಂಜೆ ಬಿಡುವು, ಮುಂಚೆ ನಾಟಕ ಮಾಡಿದೀರಾ. ಆಮೇಲೆ ಹತ್ತು ಹನ್ನೆರಡು ಜನರನ್ನ ಒಟ್ಟಿಗೆ ನಿಲ್ಲಿಸಿ ಸ್ವಲ್ಪ ಆಟ ಆಡಿಸ್ತೀವಿ, ಚಪ್ಪಾಳೆ ದಾಟಿಸೋದು, ತಾಳಕ್ಕೆ ನಡೆಯೋದು, ಎಲ್ಲರೂ ಒಂದೇ ಸಲ ನಿಲ್ಲೋದು, ಹಿಂಗೆ. ಇದನ್ನ ಬರೀ ವಾರ್ಮಪ್ ಅಂತ ತಿಳ್ಕೊಂಡು ಮೂಲೇಲಿ ನಿಂತು ಫೋನ್ ನೋಡ್ಬೇಡಿ, ನಮ್ಮ ಆಯ್ಕೆ ಅರ್ಧ ಅಲ್ಲೇ ಆಗಿರುತ್ತೆ. ಪಕ್ಕದೋರ ಕಡೆ ಯಾರಿಗೆ ಗಮನ ಇದೆ, ತಪ್ಪಾದಾಗ ಯಾರು ನಗ್ತಾ ಮತ್ತೆ ಸೇರ್ಕೊಳ್ತಾರೆ, ಎಲ್ಲಾ ಕಾಣಿಸುತ್ತೆ.

ಅದಾದ್ಮೇಲೆ ಒಬ್ಬೊಬ್ಬರದ್ದೇ ಹಾಡು, ಆಮೇಲೆ ಸ್ಕ್ರಿಪ್ಟ್‌ನ ಒಂದು ಪುಟ ಕೈಗೆ ಕೊಟ್ಟು ಇಬ್ಬಿಬ್ಬರನ್ನ ಸೇರಿಸಿ ಓದಿಸ್ತೀವಿ. ಜೋಡಿ ಬದಲಾಯಿಸಿ ಅದೇ ಪುಟನ ಮತ್ತೆ ಓದಿಸೋದೂ ಉಂಟು. ಕೆಲವರನ್ನ ಇನ್ನೊಂದು ದಿನ ಮತ್ತೆ ಕರೀತೀವಿ. ಎರಡನೇ ಸಲ ಕರೆದಿಲ್ಲ ಅಂದ್ರೆ ಪಾತ್ರ ಇಲ್ಲ ಅಂತ ಅರ್ಥ ಅಲ್ಲ, ನೋಡ್ಬೇಕಾಗಿದ್ದನ್ನ ಅವತ್ತೇ ನೋಡಿ ಆಗಿರಬಹುದು.

ಯಾವ ಹಾಡು ತರ್ಲಿ?

ಒಂದು ಪಲ್ಲವಿ ಒಂದು ಚರಣ, ಒಂದೂವರೆ ನಿಮಿಷ ಸಾಕು. ನಿಮಗೆ ನಿದ್ದೆಗಣ್ಣಲ್ಲೂ ಬರೋ ಹಾಡಾಗಿರ್ಲಿ, ಹೋದ ವಾರ ಕಲಿತಿದ್ದು ಬೇಡ, ಯಾಕಂದ್ರೆ ಭಯ ಆದಾಗ ಮೊದಲು ಹಾರಿಹೋಗೋದೇ ಹೊಸದಾಗಿ ಕಲಿತ ಸಾಹಿತ್ಯ.

ಜನಪದ ಗೀತೆ, ಶರೀಫರ ತತ್ವಪದ, ದಾಸರ ಪದ, ರಂಗಗೀತೆ, ಭಾವಗೀತೆ ಯಾವುದಾದ್ರೂ ಆಗ್ಬಹುದು. ನನ್ನ ಇಷ್ಟ ಕೇಳಿದ್ರೆ ಯಾರೋ ಯಾರಿಗೋ ಏನೋ ಹೇಳ್ತಾ ಇರೋ ಹಾಡು ತನ್ನಿ, ಬೈಯೋದು, ಬೇಡ್ಕೊಳ್ಳೋದು, ಚುಡಾಯಿಸೋದು, ದೂರೋದು. ಹಾಸ್ಯ ನಾಟಕಕ್ಕೆ ಅಂತ ತಮಾಷೆ ಹಾಡೇ ಬೇಕು ಅಂತೇನೂ ಇಲ್ಲ. ದಾಸರ ಪದಗಳಲ್ಲಿ ಎಂಥಾ ವ್ಯಂಗ್ಯ ಇದೆ ಅಂದ್ರೆ ಭಜನೇಲಿ ಕೇಳಿ ಕೇಳಿ ನಮಗೆ ಅದು ಕಿವಿಗೆ ಬೀಳೋದೇ ಇಲ್ಲ. ಕಾರಂತರು 1970ರ ದಶಕದಲ್ಲಿ ಮಾಡಿಸಿದ ಸತ್ತವರ ನೆರಳು ನಾಟಕದಲ್ಲಿ ಪುರಂದರದಾಸರ ಪದಗಳನ್ನೇ ತಂದು ಮಠದ ರಾಜಕೀಯದ ಕಥೆಯೊಳಗೆ ಇಟ್ರು, ಎಲ್ಲರಿಗೂ ಗೊತ್ತಿದ್ದ ಪದಗಳೇ ಅಲ್ಲಿ ಬೇರೆ ಥರ ಕೇಳಿಸಿದ್ವು. ಹಾಗಾಗಿ ಮನೇಲಿ ಅಮ್ಮ ಹಾಡೋ ಪದಾನೇ ತನ್ನಿ, ಅದರಲ್ಲಿ ಯಾರು ಯಾರಿಗೆ ಹೇಳ್ತಿದಾರೆ ಅಂತ ಒಂದ್ಸಲ ಯೋಚನೆ ಮಾಡ್ಕೊಂಡು ಬನ್ನಿ.

ಸಿನಿಮಾ ಹಾಡು ಬೇಡ ಅಂತ ಹೇಳಲ್ಲ. ಆದ್ರೆ ನೀವು ಆ ಗಾಯಕರ ಥರಾನೇ ಹಾಡೋಕೆ ಹೋಗ್ತೀರಿ, ಉಸಿರು ತಗೊಳ್ಳೋ ಜಾಗ ಸಮೇತ ಅವರದ್ದೇ, ಆಗ ನಿಮ್ಮ ದನಿ ಯಾವುದು ಅಂತ ನಮಗೆ ಗೊತ್ತಾಗೋದೇ ಇಲ್ಲ.

ಮತ್ತೊಂದು ಮುಖ್ಯವಾದ್ದು. ನೀವು ಹಾಡಿ ಮುಗಿಸಿದ ಮೇಲೆ ನಿರ್ದೇಶಕರು, ಈಗ ಇದನ್ನೇ ಬಾಡಿಗೆ ವಸೂಲಿಗೆ ಬಂದ ಓನರ್ ಥರ ಹಾಡಿ ಅಂತಲೋ, ಮಗು ಮಲಗಿದೆ ಅದು ಏಳಬಾರದು ಹಂಗೆ ಹಾಡಿ ಅಂತಲೋ ಹೇಳಬಹುದು. ಗಾಬರಿ ಆಗ್ಬೇಡಿ. ಮೊದಲನೇದು ಚೆನ್ನಾಗಿರ್ಲಿಲ್ಲ ಅಂತ ಇದನ್ನ ಕೇಳ್ತಿಲ್ಲ. ಹೇಳಿದ್ದನ್ನ ಕೇಳಿಸ್ಕೊಂಡು ತಕ್ಷಣ ಬದಲಾಯಿಸ್ಕೊಳ್ಳೋಕೆ ಆಗುತ್ತಾ ಅಂತ ನೋಡ್ಬೇಕು, ಯಾಕಂದ್ರೆ ಮುಂದಿನ ಎರಡು ತಿಂಗಳು ರಿಹರ್ಸಲ್‌ನಲ್ಲಿ ನಡೆಯೋದೇ ಅದು. ನನ್ನ ಮಟ್ಟಿಗೆ ಇಡೀ ಆಡಿಷನ್‌ನಲ್ಲಿ ಇದಕ್ಕಿಂತ ದೊಡ್ಡ ಕ್ಷಣ ಇನ್ನೊಂದಿಲ್ಲ. ಶ್ರುತಿ ಸ್ವಲ್ಪ ಅಲ್ಲಾಡಿದ್ರೂ ಪರವಾಗಿಲ್ಲ, ಎರಡನೇ ಸಲ ಬೇರೆ ಮನುಷ್ಯ ಹಾಡಿದಂಗೆ ಕೇಳಿಸ್ಬೇಕು.

ಕರೋಕೆ ಟ್ರ್ಯಾಕ್ ಹಾಕ್ಕೊಂಡು ಹಾಡ್ಲಾ? ನನ್ನ ಶ್ರುತಿ ಯಾವುದು ಅಂತಾನೇ ಗೊತ್ತಿಲ್ಲ.

ಟ್ರ್ಯಾಕ್ ಬೇಡ. ಟ್ರ್ಯಾಕ್ ಇರೋದು ಮೂಲ ಗಾಯಕರ ಶ್ರುತಿಲಿ, ಅದು ನಿಮ್ಮ ಗಂಟಲಿಗೆ ಹೊಂದೋದು ಅಪರೂಪ. ಜೊತೆಗೆ ಟ್ರ್ಯಾಕ್ ನಿಮಗೋಸ್ಕರ ಕಾಯಲ್ಲ, ನಾಟಕದಲ್ಲಿ ಹಾರ್ಮೋನಿಯಂ ತಬಲಾದೋರು ನಟರನ್ನ ನೋಡ್ಕೊಂಡು ಬಾರಿಸ್ತಾರೆ.

ಶ್ರುತಿ ಕಂಡುಹಿಡಿಯೋಕೆ ಸುಲಭ ದಾರಿ ಇದೆ. ಫೋನಲ್ಲಿ ತಂಬೂರಿ ಆ್ಯಪ್ ಹಾಕ್ಕೊಳ್ಳಿ, ನಿಮ್ಮ ಹಾಡಿನ ಅತಿ ಕೆಳಗಿನ ಜಾಗ, ಅತಿ ಮೇಲಿನ ಜಾಗ ಎರಡನ್ನೂ ಹಾಡಿ ನೋಡಿ. ಮೇಲೆ ಹೋದಾಗ ಕತ್ತಿನ ನರ ಉಬ್ಬಿದ್ರೆ ಒಂದು ಮನೆ ಇಳಿಸಿ, ಕೆಳಗೆ ದನಿ ಬರೀ ಗಾಳಿ ಆದ್ರೆ ಏರಿಸಿ. ಸಾಮಾನ್ಯವಾಗಿ ಗಂಡಸರು ಒಂದು ಮನೆ, ಒಂದೂವರೆ, ಎರಡು ಹಿಂಗೆ ಹಾಡ್ತಾರೆ, ಹೆಂಗಸರದ್ದು ಐದು, ಐದೂವರೆ, ಆರರ ಹತ್ರ ಇರುತ್ತೆ. ಹಾರ್ಮೋನಿಯಂನೋರು ಇದನ್ನೇ ಬಿಳಿ ಒಂದು, ಕರಿ ಒಂದು, ಬಿಳಿ ಎರಡು ಅಂತಾರೆ, ಒಂದೂವರೆ ಅಂದ್ರೂ ಕರಿ ಒಂದು ಅಂದ್ರೂ ಒಂದೇ. ಇದೇ ಕಾರಣಕ್ಕೆ ಗಂಡು ಹೆಣ್ಣು ಸೇರಿ ಹಾಡೋ ಮೇಳದ (ಗುಂಪಿನ) ಹಾಡಿಗೆ ಶ್ರುತಿ ಗೊತ್ತುಮಾಡೋದು ಸಂಗೀತ ನಿರ್ದೇಶಕರಿಗೆ ದೊಡ್ಡ ತಲೆನೋವು, ಯಾರಾದ್ರೂ ಒಂದು ಗುಂಪು ಸ್ವಲ್ಪ ಹೊಂದಿಕೊಳ್ಳಲೇಬೇಕು. ನಿಮ್ಮ ಶ್ರುತಿ ನಿಮಗೆ ಗೊತ್ತಿದ್ರೆ ಬಂದ ತಕ್ಷಣ ಹೇಳಿ, ಗೊತ್ತಿಲ್ಲದಿದ್ರೆ ಸುಮ್ನೆ ಒಂದು ಸಾಲು ಹಾಡಿ, ಹಾರ್ಮೋನಿಯಂನೋರು ಹಿಡ್ಕೊಳ್ತಾರೆ, ಅವರಿಗದು ನಿತ್ಯದ ಕೆಲಸ.

ನಂಗೆ ಜನರನ್ನ ನಗಿಸೋಕೆ ಬರುತ್ತೆ, ಮಿಮಿಕ್ರಿ ಮಾಡ್ತೀನಿ. ಅದನ್ನ ತೋರಿಸ್ಬಹುದಾ?

ತೋರಿಸಿ, ಕೊನೇಲಿ ಟೈಮ್ ಇದ್ರೆ ನಾವೇ ಕೇಳ್ತೀವಿ. ಆದ್ರೆ ಅದರ ಮೇಲೆ ಪಾತ್ರ ಸಿಗುತ್ತೆ ಅಂತ ನಂಬ್ಕೊಂಡು ಬರ್ಬೇಡಿ.

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಹಾಸ್ಯ ನಾಟಕದ ಪಾತ್ರಕ್ಕೆ ತಾನು ಹಾಸ್ಯ ಮಾಡ್ತಿದೀನಿ ಅಂತ ಗೊತ್ತಿರಲ್ಲ. ಅವನಿಗೆ ನಿಜವಾದ ಕಷ್ಟ ಬಂದಿರುತ್ತೆ, ಹೆಂಡ್ತಿ ಊರಿಂದ ವಾಪಸ್ ಬರೋದ್ರೊಳಗೆ ಮುರಿದ ಪಿಂಗಾಣಿ ಜೋಡಿಸ್ಬೇಕು, ಸಾಲ ಕೊಟ್ಟೋನು ಬಾಗಿಲಲ್ಲಿ ನಿಂತಿದಾನೆ, ಸುಳ್ಳು ಹೇಳಿ ಸಿಕ್ಕಿಹಾಕ್ಕೊಂಡಿದಾನೆ. ಆ ಕಷ್ಟವನ್ನ ಎಷ್ಟು ನಿಜ ಮಾಡ್ತೀರೋ ಅಷ್ಟು ನಗು ಬರುತ್ತೆ. ಕಣ್ಣು ಅರಳಿಸೋದು, ದನಿ ಕೀರಲು ಮಾಡೋದು, ಪ್ರತಿ ಸಾಲಿನ ಕೊನೆಗೆ ಜನರ ಕಡೆ ತಿರುಗೋದು, ಇದೆಲ್ಲ ಟಿವಿ ಸ್ಕಿಟ್‌ಗಳಿಂದ ಬಂದ ಅಭ್ಯಾಸ, ಎರಡು ನಿಮಿಷಕ್ಕೆ ಆಗುತ್ತೆ ಆದ್ರೆ ಎರಡು ಗಂಟೆ ನಾಟಕ ತಡೆಯಲ್ಲ.

ನಗು ಹುಟ್ಟೋದು ಬಹಳ ಸಲ ಮಾತು ಹೇಳೋನಿಂದ ಅಲ್ಲ, ಕೇಳಿಸ್ಕೊಳ್ಳೋನಿಂದ. ಜೋಡಿ ಓದು ಮಾಡಿಸುವಾಗ ನಾವು ಮಾತಾಡೋರನ್ನ ನೋಡೋದಕ್ಕಿಂತ ಸುಮ್ನೆ ಇರೋರನ್ನ ಜಾಸ್ತಿ ನೋಡ್ತೀವಿ. ಎದುರಿನೋರ ಸಾಲು ನಡೀತಿರುವಾಗ ತನ್ನ ಮುಂದಿನ ಸಾಲನ್ನ ಹುಡುಕ್ತಾ ಪೇಪರ್ ಒಳಗೆ ಮುಖ ಇಟ್ಟಿರೋರು, ಎದುರಿನೋರ ಮುಖ ನೋಡ್ತಾ ಆ ಮಾತು ಮೊದಲನೇ ಸಲ ಕೇಳ್ತಿರೋ ಥರ ಇರೋರು, ಇವರಿಬ್ಬರ ವ್ಯತ್ಯಾಸ ಅರ್ಧ ನಿಮಿಷದಲ್ಲಿ ಗೊತ್ತಾಗಿಬಿಡುತ್ತೆ. ಒಂದು ಸಾಲು ತಪ್ಪು ಓದಿದ್ರೂ ಪರವಾಗಿಲ್ಲ, ತಲೆ ಎತ್ತಿ.

ಹಾಸ್ಯ ಪಾತ್ರ ಅಂದ್ರೆ ಚಿಕ್ಕ ಪಾತ್ರ ಅಂತ ಅಂದ್ಕೊಳ್ಳೋರೂ ಇದಾರೆ. ಗುಬ್ಬಿ ವೀರಣ್ಣನವರು (1891–1972) ಅಷ್ಟು ದೊಡ್ಡ ನಾಟಕ ಕಂಪನಿ ಮಾಲೀಕರು, ಬೇಕಾದ ರಾಜನ ಪಾರ್ಟು ತಾವೇ ತಗೋಬಹುದಿತ್ತು. ಜನ ಅವರನ್ನ ನೆನಪಿಟ್ಕೊಂಡಿದ್ದು ಹಾಸ್ಯ ನಟ ಅಂತ, ಸದಾರಮೆ ನಾಟಕದ ಕಳ್ಳ ಅಂತ.

ಅಂದಹಾಗೆ ಟೇಬಲ್ ಹಿಂದೆ ಕೂತೋರು ನಗ್ಲಿಲ್ಲ ಅಂದ್ರೆ ಮನಸ್ಸಿಗೆ ಹಚ್ಕೋಬೇಡಿ. ಅದೇ ಪುಟನ ಬೆಳಗಿಂದ ಎಷ್ಟೋ ಜನರ ಬಾಯಲ್ಲಿ ಕೇಳಿರ್ತೀವಿ, ಬರ್ಕೊಳ್ತಾನೂ ಇರ್ತೀವಿ.

ಸ್ಕ್ರಿಪ್ಟ್‌ನಲ್ಲಿ ಇಲ್ಲದ ಮಾತು ಸೇರಿಸ್ಬಹುದಾ?

ಆಡಿಷನ್‌ನಲ್ಲಿ ಬೇಡ, ಮೊದಲು ಬರೆದಿದ್ದನ್ನ ಬರೆದಂಗೆ ಓದಿ. ಹಾಸ್ಯ ನಟ ಮಾಸ್ಟರ್ ಹಿರಣ್ಣಯ್ಯನವರು ಅವತ್ತಿನ ಪೇಪರ್ ಸುದ್ದಿನ ಅವತ್ತಿನ ನಾಟಕಕ್ಕೇ ತರ್ತಿದ್ರಲ್ಲಾ ಅಂತ ಕೆಲವರು ಕೇಳ್ತಾರೆ. ನಿಜ, ಆದ್ರೆ ಅವರದ್ದು ತಂದೆ ಕಾಲದಿಂದ ನಡೆಸ್ಕೊಂಡು ಬಂದ ಕಂಪನಿ, ಜೊತೆಗಿದ್ದ ನಟರು ಅವರು ಎಲ್ಲಿಗೆ ಹೋದ್ರೂ ಮತ್ತೆ ಕಥೆಗೆ ಎಲ್ಲಿ ಸೇರ್ಕೋಬೇಕು ಅಂತ ಬಲ್ಲೋರು. ಹಾಡಿರೋ ನಾಟಕದಲ್ಲಿ ಇನ್ನೊಂದು ತೊಂದರೆ ಇದೆ, ನಿಮ್ಮ ಕೊನೇ ಪದ ಕೇಳಿಸ್ಕೊಂಡೇ ತಬಲಾ ಶುರುವಾಗೋದು, ಬೆಳಕು ಬದಲಾಗೋದು. ನೀವು ನಾಲ್ಕು ಮಾತು ಸೇರಿಸಿದ್ರೆ ಸೈಡ್ ವಿಂಗ್‌ನಲ್ಲಿರೋ ಎಲ್ಲರೂ ದಾರಿ ತಪ್ತಾರೆ. ರಿಹರ್ಸಲ್‌ನಲ್ಲಿ ಹೊಳೆದಿದ್ದನ್ನ ಹೇಳಿ, ಚೆನ್ನಾಗಿದ್ರೆ ಸ್ಕ್ರಿಪ್ಟ್‌ಗೇ ಸೇರುತ್ತೆ.

ಕುಣಿಯೋಕೆ ಬರಲ್ಲ.

ಭರತನಾಟ್ಯ ಯಾರೂ ಕೇಳಲ್ಲ. ನಾಲ್ಕು ಹೆಜ್ಜೆ ಹೇಳ್ಕೊಡ್ತಾರೆ, ಎಂಟರ ಎಣಿಕೆಗೋ ಆರರ ಎಣಿಕೆಗೋ, ಅದನ್ನ ಮಾಡಿ. ತಪ್ಪಿದ್ರೆ ನಿಲ್ಲಬೇಡಿ, ಮುಂದಿನ ಒಂದಕ್ಕೆ ಸೇರ್ಕೊಳ್ಳಿ. ಮಂಡಿ ನೋವು ಸೊಂಟ ನೋವು ಏನಾದ್ರೂ ಇದ್ರೆ ಫಾರಂನಲ್ಲೇ ಬರೀರಿ, ಅದಕ್ಕೆ ತಕ್ಕ ಜಾಗ ಕೊಡ್ತೀವಿ. ಹಾಡ್ತಾ ಕುಣಿಯೋದೇ ಕಷ್ಟದ ಕೆಲಸ, ಉಸಿರು ಸಾಲಲ್ಲ. ಮನೇಲಿ ನಿಮ್ಮ ಹಾಡನ್ನ ಜೋರಾಗಿ ನಡೀತಾ ಹಾಡಿ ಅಭ್ಯಾಸ ಮಾಡ್ಕೊಳ್ಳಿ, ಎಲ್ಲಿ ಉಸಿರು ತಗೋಬೇಕು ಅಂತ ತಾನಾಗೇ ಗೊತ್ತಾಗುತ್ತೆ.

ನಾಟಕ ಉತ್ತರ ಕರ್ನಾಟಕದ ಭಾಷೇಲಿದೆ ಅಂದ್ರು, ನಾನು ಮೈಸೂರಿನೋಳು.

ಬನ್ನಿ, ಆದ್ರೆ ಆಡಿಷನ್‌ನಲ್ಲಿ ಆ ಭಾಷೆನ ನಕಲು ಮಾಡೋಕೆ ಹೋಗ್ಬೇಡಿ. ಪ್ರತಿ ಪದಕ್ಕೂ ರೀ ಸೇರಿಸಿಬಿಟ್ರೆ ಧಾರವಾಡ ಆಗಲ್ಲ. ಹಾಸ್ಯದಲ್ಲಿ ಇನ್ನೊಂದು ಅಪಾಯ ಇದೆ, ಒಂದು ಸೀಮೆಯ ಮಾತಿನ ಧಾಟಿನೇ ನಗೆಗೆ ವಸ್ತು ಮಾಡಿಬಿಡ್ತಾರೆ, ಅದು ನಮಗೆ ಬೇಡವೇ ಬೇಡ. ಆ ಕಡೆಯ ಮಾತಲ್ಲೇ ಬರೆದಿರೋ ಚಂದ್ರಶೇಖರ ಕಂಬಾರರ ನಾಟಕದಲ್ಲಿ ನಗು ಬರೋದು ಆ ಜನರ ಬುದ್ಧಿಯಿಂದ, ತುಂಟತನದಿಂದ, ಅವರು ಹಂಗೆ ಮಾತಾಡ್ತಾರೆ ಅನ್ನೋ ಕಾರಣಕ್ಕಲ್ಲ. ನಿಮ್ಮ ಕನ್ನಡದಲ್ಲೇ ಓದಿ, ಆಯ್ಕೆ ಆದ್ಮೇಲೆ ಆ ಕಡೆಯೋರ ಜೊತೆ ಕೂತು ಕಲಿಯೋಕೆ ಟೈಮ್ ಇರುತ್ತೆ. ಬೆಳಗಾವಿ ಬಾಗಲಕೋಟೆ ಕಡೆಯ ಜನಪದ ನಾಟಕ ಶ್ರೀಕೃಷ್ಣ ಪಾರಿಜಾತದ ರೆಕಾರ್ಡಿಂಗ್ ಸಿಕ್ಕಿದ್ರೆ ಕೇಳಿ, ಅಲ್ಲಿ ಹಾಡು, ಜಗಳ, ತಮಾಷೆ ಎಲ್ಲಾ ಒಂದರೊಳಗೊಂದು ಹೆಣ್ಕೊಂಡಿರುತ್ತೆ, ಮ್ಯೂಸಿಕಲ್ ಕಾಮಿಡಿ ಅಂತ ನಾವೀಗ ಕರೆಯೋದು ನಮ್ಮ ಹಳ್ಳಿಗಳಲ್ಲಿ ಎಷ್ಟು ಹಿಂದಿಂದ ಇತ್ತು ಅಂತ ತಿಳಿಯುತ್ತೆ.

ಏನು ಹಾಕ್ಕೊಂಡು ಬರ್ಲಿ?

ಕೂತು ಎದ್ದು ನೆಲದ ಮೇಲೆ ಉರುಳೋಕೆ ಆಗೋ ಬಟ್ಟೆ. ಹೈ ಹೀಲ್ಸ್ ಬೇಡ. ವೇಷ ಹಾಕ್ಕೊಂಡು ಬರೋದಂತೂ ಬೇಡ.

ಮುಖ್ಯ ಪಾತ್ರ ಕೇಳಿದ್ದೆ, ಮೇಳಕ್ಕೆ ಹಾಕಿದ್ರು. ಒಪ್ಕೊಳ್ಳಲಾ?

ಮ್ಯೂಸಿಕಲ್‌ನಲ್ಲಿ ಮೇಳಕ್ಕೆ ಸ್ಟೇಜ್ ಮೇಲಿರೋ ಹೊತ್ತು ಬಹಳ ಸಲ ನಾಯಕನಿಗಿಂತ ಜಾಸ್ತಿ. ಊರ ಜನ ಅವರೇ, ಸಂತೆ ಅವರೇ, ಮರ ಅವರೇ, ಬಸ್ಸಲ್ಲಿ ನೇತಾಡೋರೂ ಅವರೇ, ಭಾಗವತನ ಮಾತಿಗೆ ಸೈ ಅನ್ನೋರೂ ಅವರೇ. ಒಂದು ದೃಶ್ಯದಲ್ಲಿ ಮುದುಕಿ ಆಗಿದ್ದೋಳು ಮುಂದಿನ ದೃಶ್ಯದಲ್ಲಿ ಪೊಲೀಸ್ ಆಗಿ ಬರ್ಬೇಕು, ಟವೆಲ್ ತಲೆಗೆ ಕಟ್ಟಿದ್ದು ಸೊಂಟಕ್ಕೆ ಬರುತ್ತೆ ಅಷ್ಟೇ. ನಟನೆ ಕಲಿಯೋಕೆ ಇದಕ್ಕಿಂತ ಒಳ್ಳೆ ಜಾಗ ನಂಗೆ ಗೊತ್ತಿಲ್ಲ. ಮೇಳದ ಒಬ್ಬರು ಶ್ರುತಿ ಬಿಟ್ರೆ ಇಡೀ ಹಾಡು ಇಳಿದುಹೋಗುತ್ತೆ, ಮೇಳ ಒಂದೇ ಉಸಿರಲ್ಲಿ ಹಾಡಿದ್ರೆ ಸುಮಾರಾಗಿ ಹಾಡೋ ನಾಯಕನೂ ಎದ್ದು ನಿಲ್ತಾನೆ.

ಆದ್ರೂ ಮನಸ್ಸಿಲ್ಲದೆ ಒಪ್ಕೋಬೇಡಿ. ಫಾರಂನಲ್ಲಿ ಯಾವ ಪಾತ್ರ ಕೊಟ್ರೂ ಮಾಡ್ತೀರಾ ಅನ್ನೋ ಪ್ರಶ್ನೆ ಇರುತ್ತೆ, ಇಲ್ಲ ಅನ್ನೋ ಹಾಗಿದ್ರೆ ಇಲ್ಲ ಅಂತಲೇ ಬರೀರಿ. ಅದಕ್ಕೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಹೂಂ ಅಂದು ಮೂರನೇ ವಾರಕ್ಕೆ ಬರೋದು ನಿಲ್ಲಿಸಿದ್ರೆ ಮಾತ್ರ ಮಿಕ್ಕ ಮೇಳದೋರೆಲ್ಲ ಹೆಜ್ಜೆ, ಜಾಗ ಎಲ್ಲಾ ಮತ್ತೆ ಹೊಸದಾಗಿ ಕಲಿಬೇಕಾಗುತ್ತೆ.

ರಿಹರ್ಸಲ್‌ಗೆ ಎಷ್ಟು ಟೈಮ್ ಬೇಕು? ನಾನು ಐಟಿಲಿ ಇರೋದು, ಸಂಜೆ ಕಾಲ್ ಇರುತ್ತೆ.

ಹಾಡಿಲ್ಲದ ನಾಟಕಕ್ಕೆ ಒಂದೂವರೆ ತಿಂಗಳು ಸಾಕಾದ್ರೆ ಹಾಡಿರೋದಕ್ಕೆ ಎರಡು ತಿಂಗಳು, ಅದಕ್ಕಿಂತ ಜಾಸ್ತಿನೂ ಆಗಬಹುದು. ವಾರದ ದಿನಗಳಲ್ಲಿ ಸಂಜೆ ಆರೂವರೆಯಿಂದ ಒಂಬತ್ತು, ಭಾನುವಾರ ಬೆಳಗಿಂದ. ಮೊದಲು ಓದು, ಜೊತೆಜೊತೆಗೇ ಹಾಡಿನ ಕಲಿಕೆ, ಆಮೇಲೆ ಬ್ಲಾಕಿಂಗ್ (ಸ್ಟೇಜ್ ಮೇಲೆ ಯಾರು ಎಲ್ಲಿ ನಿಲ್ಲೋದು, ಎಲ್ಲಿಗೆ ಹೋಗೋದು), ಆಮೇಲೆ ಹಾಡಿಗೆ ಹೆಜ್ಜೆ, ರನ್ ಥ್ರೂ (ನಿಲ್ಲಿಸದೆ ಇಡೀ ನಾಟಕ), ಕೊನೇಲಿ ಲೈಟು ಸೆಟ್ಟು ಕಾಸ್ಟ್ಯೂಮ್ ಜೊತೆ ಗ್ರ್ಯಾಂಡ್ ರಿಹರ್ಸಲ್. ಎಲ್ಲರೂ ಎಲ್ಲಾ ದಿನ ಬೇಕಾಗಲ್ಲ, ಆದ್ರೆ ಕೊನೇ ಎರಡು ವಾರ ಎಲ್ಲರೂ ಬೇಕು, ಅದರಲ್ಲಿ ಮಾತಿಲ್ಲ.

ಈ ವಿಷಯದಲ್ಲಿ ದಯವಿಟ್ಟು ಇದ್ದದ್ದು ಇದ್ದಂಗೆ ಬರೀರಿ. ಮಂಗಳವಾರ ಗುರುವಾರ ಆಗಲ್ಲ ಅಂತ ಮೊದಲೇ ಹೇಳಿದ್ರೆ ಆ ದಿನ ಬೇರೆ ದೃಶ್ಯ ಇಟ್ಕೋತೀವಿ, ನಿಜವಾಗಿಯೂ ಹೊಂದಿಸ್ತೀವಿ. ಅಕ್ಕನ ಮಗಳ ಮದುವೆ, ಊರ ಜಾತ್ರೆ, ಮಕ್ಕಳ ಪರೀಕ್ಷೆ, ಆನ್‌ಸೈಟ್ ಹೋಗೋ ಸಾಧ್ಯತೆ, ಎಲ್ಲಾ ಬರೀರಿ. ಇಬ್ಬರು ಒಂದೇ ಮಟ್ಟದಲ್ಲಿದ್ದು ಯಾರನ್ನ ತಗೊಳ್ಳೋದು ಅಂತ ಬಂದಾಗ ನಿರ್ಧಾರ ಆಗೋದು ಬಿಡುವಿನ ಮೇಲೇನೇ, ಇದನ್ನ ಮುಚ್ಚಿಟ್ಟು ಪ್ರಯೋಜನ ಇಲ್ಲ. ರಿಹರ್ಸಲ್ ಜಾಗ ಎಲ್ಲಿ ಅಂತಾನೂ ಕೇಳಿ, ವೈಟ್‌ಫೀಲ್ಡ್‌ನಿಂದ ಹನುಮಂತನಗರಕ್ಕೆ ಆರೂವರೆಗೆ ಬರ್ತೀನಿ ಅಂತ ದಿನಾ ನಂಬೋಕಾಗಲ್ಲ.

ದುಡ್ಡು ಕೊಡ್ಬೇಕಾ? ಕೊಡ್ತೀರಾ?

ನಮ್ಮಲ್ಲಿ ಎರಡೂ ಇಲ್ಲ. ಟಿಕೆಟ್‌ನಿಂದ ಬಂದಿದ್ದು ಹಾಲ್ ಬಾಡಿಗೆ, ಲೈಟು, ಮೈಕು, ಸೆಟ್ಟು, ಪ್ರಸಾಧನಕ್ಕೆ ಹೋಗುತ್ತೆ, ವಾದ್ಯದೋರಿಗೆ ಮಾತ್ರ ಸಂಭಾವನೆ ಕೊಡ್ಲೇಬೇಕು ಅನ್ನೋದು ನಮ್ಮ ನಿಯಮ, ಅವರಿಗದು ಹೊಟ್ಟೆಪಾಡು. ರಿಹರ್ಸಲ್‌ನಲ್ಲಿ ಟೀ ಬನ್ ಇರುತ್ತೆ.

ಬರೀ ಆಡಿಷನ್‌ಗೇ ಫೀಸ್ ಕೇಳೋ ಕಡೆ ಹುಷಾರಾಗಿರಿ. ರಂಗ ತರಬೇತಿ ಶಿಬಿರ ಅಂತ ಮಾಡಿ ಕೊನೇಲಿ ನಾಟಕ ಕಟ್ಟೋದು ಬೇರೆ, ಅಲ್ಲಿ ಫೀಸ್ ಕಲಿಕೆಗೆ. ಆದ್ರೆ ಪಾತ್ರ ಕೊಡ್ತೀವಿ, ಸೀರಿಯಲ್‌ಗೆ ದಾರಿ ಆಗುತ್ತೆ, ಇಷ್ಟು ಕಟ್ಟಿ ಅಂದ್ರೆ ವಾಪಸ್ ಬನ್ನಿ.

ನಮ್ಮೂರಲ್ಲಿ ಪಾತ್ರಕ್ಕೆ ದುಡ್ಡು ಕೊಡೋದು ಮಾಮೂಲಿ. ಅದೂ ತಪ್ಪಾ?

ಅಯ್ಯೋ ಇಲ್ಲ, ಅದರ ರೀತಿನೇ ಬೇರೆ, ಅದನ್ನ ನಾನು ಬಹಳ ಗೌರವದಿಂದ ನೋಡ್ತೀನಿ. ಮಂಡ್ಯ, ತುಮಕೂರು, ಬೆಂಗಳೂರು ಗ್ರಾಮಾಂತರದ ಹಳ್ಳಿಗಳಲ್ಲಿ ಕುರುಕ್ಷೇತ್ರ ಆಡುವಾಗ ದುರ್ಯೋಧನಂಗಿಷ್ಟು, ಕೃಷ್ಣನಿಗಿಷ್ಟು ಅಂತ ಊರೋರೇ ಹಾಕ್ಕೊಂಡು ಡ್ರಾಮಾ ಸೀನರಿ, ಡ್ರೆಸ್ಸು, ಹಾರ್ಮೋನಿಯಂ ಮೇಷ್ಟ್ರ ಖರ್ಚು ಎಲ್ಲಾ ತೂಗಿಸ್ತಾರೆ. ಅಲ್ಲಿ ಆಡಿಷನ್ ಇಲ್ಲ, ಮೇಷ್ಟ್ರೇ ತಿಂಗಳುಗಟ್ಟಲೆ ಕೂರಿಸ್ಕೊಂಡು ಕಂದ ವೃತ್ತ ಅನ್ನೋ ಛಂದಸ್ಸಿನ ಪದ್ಯಗಳ ಸಮೇತ ಬಾಯಿಪಾಠ ಮಾಡಿಸ್ತಾರೆ. ಅಂಥಾ ಕಡೆಯಿಂದ ಬಂದೋರಿಗೆ ನಮ್ಮ ಆಡಿಷನ್‌ನಲ್ಲಿ ಒಂದು ದೊಡ್ಡ ಅನುಕೂಲ ಇರುತ್ತೆ, ಮೈಕ್ ಇಲ್ಲದೆ ಬಯಲಲ್ಲಿ ಕೇಳಿಸೋ ದನಿ. ಫಾರಂನಲ್ಲಿ ಅನುಭವ ಅನ್ನೋ ಜಾಗದಲ್ಲಿ ಖಾಲಿ ಬಿಟ್ಟಿರ್ತಾರೆ, ಕೇಳಿದ್ರೆ ಊರಲ್ಲಿ ಭೀಮನ ಪಾರ್ಟ್ ಮಾಡಿದ್ದೆ ಅಷ್ಟೇ ಅಂತಾರೆ. ಬರೀರಿ ಅದನ್ನ, ದೊಡ್ಡದಾಗೇ ಬರೀರಿ.

ಮೈಕ್ ಇರುತ್ತಲ್ಲ, ಜೋರಾಗಿ ಯಾಕೆ ಹಾಡ್ಬೇಕು?

ಕಾಲರ್ ಮೈಕ್ ಎಲ್ಲರಿಗೂ ಕೊಡೋ ಶಕ್ತಿ ಹವ್ಯಾಸಿ ತಂಡಕ್ಕಿಲ್ಲ. ರಂಗಶಂಕರದಂಥ ಕಡೆ ಮುನ್ನೂರು ಚಿಲ್ಲರೆ ಸೀಟು, ಬರೀ ದನಿ ಸಾಕು. ರವೀಂದ್ರ ಕಲಾಕ್ಷೇತ್ರ ಅಂದ್ರೆ ದೊಡ್ಡ ಹಾಲು, ಅಲ್ಲಿ ಸ್ಟೇಜ್ ಮುಂದೆ ಮೈಕ್ ಇಟ್ರೂ ನೀವು ಹಿಂದೆ ಹೋದ್ರೆ ದನಿನೂ ಹಿಂದೆ ಹೋಗುತ್ತೆ. ಜೋರು ಅಂದ್ರೆ ಕಿರುಚೋದಲ್ಲ, ಹೊಟ್ಟೆಯಿಂದ ಉಸಿರು ತಗೊಂಡು ವ್ಯಂಜನಗಳನ್ನ ಒತ್ತಿ ಹೇಳಿ, ಪದದ ಕೊನೇ ಅಕ್ಷರ ನುಂಗಬೇಡಿ. ಅರ್ಧ ಸಮಸ್ಯೆ ಅಲ್ಲೇ ಹೋಗುತ್ತೆ.

ಗಂಟಲು ಕಟ್ಟಿದ್ರೆ?

ಫೋನ್ ಮಾಡಿ ಹೇಳಿ, ಬೇರೆ ದಿನ ನೋಡೋಣ. ಕಟ್ಟಿರೋ ಗಂಟಲಲ್ಲಿ ಒತ್ತಿ ಹಾಡಿದ್ರೆ ಇನ್ನೂ ಹಾಳಾಗುತ್ತೆ. ಹಿಂದಿನ ದಿನ ಕ್ರಿಕೆಟ್ ಮ್ಯಾಚ್‌ಗೆ ಹೋಗಿ ಕೂಗ್ಬೇಡಿ, ಚೆನ್ನಾಗಿ ನಿದ್ದೆ ಮಾಡಿ, ದಿನ ಪೂರ್ತಿ ನೀರು ಕುಡೀತಾ ಇರಿ. ಪಿಸುಮಾತಲ್ಲಿ ಮಾತಾಡಿದ್ರೆ ಗಂಟಲಿಗೆ ರೆಸ್ಟ್ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಪಿಸುಮಾತೂ ಶ್ರಮನೇ, ಅದರ ಬದಲು ಮಾತೇ ಆಡದೆ ಇರಿ. ಬರೋ ದಾರೀಲಿ ಬಾಯಿ ಮುಚ್ಚಿ ಮಂದ್ರದಲ್ಲಿ ಹಮ್ ಮಾಡ್ಕೊಂಡು ಬನ್ನಿ, ಬಸ್ಸಲ್ಲಿ ಯಾರಿಗೂ ಕೇಳಿಸಲ್ಲ.

ನಂಗೆ ಐವತ್ತೆಂಟು ವರ್ಷ, ಈಗ ಬಂದ್ರೆ ನಗ್ತಾರಾ?

ಅಮ್ಮ, ದಯವಿಟ್ಟು ಬನ್ನಿ. ಹಾಸ್ಯ ನಾಟಕದಲ್ಲಿ ಅತ್ತೆ, ಮಾವ, ಶ್ಯಾನುಭೋಗರು, ಹೆಡ್‌ಮಾಸ್ಟರ್, ಪಕ್ಕದ ಮನೆ ಅಜ್ಜಿ ಇಲ್ಲದೆ ಕಥೆನೇ ನಡೆಯಲ್ಲ, ಆಡಿಷನ್‌ಗೆ ಮಾತ್ರ ಬರೋದೆಲ್ಲ ಇಪ್ಪತ್ತೈದರ ಆಸುಪಾಸಿನ ಹುಡುಗ್ರು ಹುಡುಗೀರು. ಕೊನೆಗೆ ಅವರ ತಲೆಗೇ ಬಿಳಿ ಪೌಡರ್ ಹಾಕ್ಬೇಕಾಗುತ್ತೆ. ನಿವೃತ್ತಿ ಆದೋರಿಗೆ ಬಿಡುವು ಇರುತ್ತೆ, ಪದ ಬರುತ್ತೆ, ಬದುಕು ನೋಡಿರ್ತಾರೆ. ಮಕ್ಕಳನ್ನೂ ತಗೊಳ್ತೀವಿ, ಅಪ್ಪ ಅಮ್ಮ ಯಾರಾದ್ರೂ ಒಬ್ರು ಜೊತೇಲಿ ಇರ್ಬೇಕು, ಪರೀಕ್ಷೆ ಹತ್ರ ಇದ್ರೆ ಬೇಡ.

ಹೆಣ್ಣುಮಕ್ಕಳು ರಾತ್ರಿ ವಾಪಸ್ ಹೋಗೋದು ಹೇಗೆ? ಬೇರೆ ತೊಂದರೆ ಏನಾದ್ರೂ?

ಇದನ್ನ ಸಂಕೋಚ ಇಲ್ಲದೆ ಕೇಳಿ, ಯಾವ ತಂಡಕ್ಕೆ ಹೋದ್ರೂ ಮೊದಲೇ ಕೇಳಿ. ನಮ್ಮಲ್ಲಿ ಒಂಬತ್ತಕ್ಕೆ ಮುಗಿಸ್ತೀವಿ, ಒಂದೇ ದಾರೀಲಿ ಹೋಗೋರನ್ನ ಜೋಡಿಸ್ತೀವಿ, ಎಲ್ಲರೂ ಮನೆ ಸೇರಿದ ಮೆಸೇಜ್ ಗ್ರೂಪಲ್ಲಿ ಬರ್ಬೇಕು. ಆಡಿಷನ್ ಯಾವಾಗ್ಲೂ ಎಲ್ಲರ ಎದುರಿಗೆ, ಹಾಲ್‌ನಲ್ಲಿ. ಯಾರಾದ್ರೂ ಒಬ್ರೇ ಮನೆಗೆ ಬನ್ನಿ ಅಲ್ಲಿ ನೋಡೋಣ ಅಂದ್ರೆ ಹೋಗ್ಬೇಡಿ, ಅವರು ಎಷ್ಟೇ ದೊಡ್ಡ ಹೆಸರಾಗಿರ್ಲಿ. ಮುಟ್ಟೋ ದೃಶ್ಯ ಇದ್ರೆ ಮೊದಲೇ ಹೇಳಿ ಒಪ್ಪಿಗೆ ಕೇಳಿಯೇ ಮಾಡಿಸ್ಬೇಕು. ತಮಾಷೆ ನಾಟಕ ತಾನೇ ಅಂತ ರಿಹರ್ಸಲ್‌ನಲ್ಲಿ ಮಿತಿ ಮೀರಿ ಮಾತಾಡೋದನ್ನ ನಾವು ಸಹಿಸಲ್ಲ, ದೂರು ಹೇಳೋಕೆ ತಂಡದಲ್ಲಿ ಇಬ್ಬರು ಹಿರಿಯ ಹೆಣ್ಣುಮಕ್ಕಳು ಇದಾರೆ, ನಿರ್ದೇಶಕರ ಮೇಲೂ ಹೇಳಬಹುದು.

ಊರಲ್ಲಿಲ್ಲ, ವಿಡಿಯೋ ಕಳಿಸಿದ್ರೆ ಆಗುತ್ತಾ?

ಮೊದಲ ಸುತ್ತಿಗೆ ಆಗುತ್ತೆ. ಫೋನ್ ಅಡ್ಡ ಹಿಡಿದು, ಮಂಡಿಯಿಂದ ಮೇಲೆ ಕಾಣೋ ಹಾಗೆ, ಕಿಟಕಿಗೆ ಮುಖ ಮಾಡಿ ನಿಂತು ಒಂದೇ ಟೇಕ್‌ನಲ್ಲಿ. ಎಡಿಟ್, ಎಕೋ, ಆಟೋಟ್ಯೂನ್ ಏನೂ ಬೇಡ. ಜೋಡಿ ಓದಿಗೆ ಮಾತ್ರ ಎದುರಿಗೆ ಬರ್ಲೇಬೇಕು. ಮುಂಬೈ, ದಿಲ್ಲಿ, ಅಮೆರಿಕದ ಕನ್ನಡ ಸಂಘಗಳಲ್ಲಿ ಇರೋರು ಅಲ್ಲೇ ಕೇಳಿ ನೋಡಿ, ಹಬ್ಬಕ್ಕೆ ಅಥವಾ ರಾಜ್ಯೋತ್ಸವಕ್ಕೆ ನಾಟಕ ಕಟ್ಟೋ ಸಂಘಗಳು ತುಂಬಾ ಇವೆ, ಹಾಡೋ ಹೊಸ ಜನ ಅವರಿಗೂ ಯಾವಾಗ್ಲೂ ಬೇಕು.

ನಡುವೆ ಮರೆತುಹೋದ್ರೆ?

ನಿಲ್ಲಿಸಿ, ಉಸಿರು ತಗೊಳ್ಳಿ, ಮತ್ತೆ ಶುರು ಮಾಡ್ಲಾ ಅಂತ ಕೇಳಿ. ಎಲ್ಲರಿಗೂ ಆಗುತ್ತೆ. ಸಾರಿ ಸಾರಿ ಅಂತ ಐದು ಸಲ ಹೇಳೋದ್ರಲ್ಲಿ ಇನ್ನಷ್ಟು ಟೈಮ್ ಹೋಗುತ್ತೆ ಅಷ್ಟೇ. ಟೇಬಲ್ ಹಿಂದೆ ಕೂತಿರೋ ನಮಗೆ ಪಾತ್ರಗಳು ತುಂಬಬೇಕಾಗಿದೆ, ಬಾಗಿಲಿಂದ ಒಳಗೆ ಬರೋ ಪ್ರತಿಯೊಬ್ಬರೂ ಚೆನ್ನಾಗಿ ಮಾಡ್ಲಿ ಅಂತಾನೇ ಕಾಯ್ತಿರ್ತೀವಿ, ಇದನ್ನ ನಂಬಿ.

ಸೆಲೆಕ್ಟ್ ಆಗ್ಲಿಲ್ಲ. ಯಾಕೆ ಅಂತ ಕೇಳಬಹುದಾ?

ಕೇಳಿ, ಒಂದು ವಾರ ಬಿಟ್ಟು ಕೇಳಿ, ನಾವು ಹೇಳ್ತೀವಿ. ಎಷ್ಟೋ ಸಲ ಕಾರಣ ನಿಮ್ಮಲ್ಲಿ ಇರೋದೇ ಇಲ್ಲ. ಅಣ್ಣ ತಂಗಿ ಪಾತ್ರಕ್ಕೆ ಎತ್ತರ ಹೊಂದಿಲ್ಲ, ಯುಗಳ ಗೀತೆಗೆ ಇಬ್ಬರ ಶ್ರುತಿ ಸೇರ್ಲಿಲ್ಲ, ಅದೇ ಥರದ ದನಿ ಆಗ್ಲೇ ಮೂರು ಇತ್ತು, ಹಿಂಗೆ. ಎಲ್ಲರಿಗೂ ಫೋನ್ ಮಾಡಿ ಹೇಳೋದು ನಮ್ಮ ಕ್ರಮ, ಆಗಿದೆ ಅಂತಲೂ ಆಗಿಲ್ಲ ಅಂತಲೂ. ಕಾಯಿಸಿ ಸುಮ್ಮನಾಗಿಬಿಡೋ ತಂಡಗಳ ಬಗ್ಗೆ ನಂಗೆ ನಿಜವಾದ ಸಿಟ್ಟಿದೆ, ಒಬ್ಬ ಮನುಷ್ಯ ರಜ ಹಾಕಿ ಎದೆ ಗಟ್ಟಿ ಮಾಡ್ಕೊಂಡು ಬಂದು ಹಾಡಿರ್ತಾರೆ, ಅವರಿಗೆ ಎರಡು ನಿಮಿಷದ ಫೋನ್ ಮಾಡೋಕಾಗಲ್ವಾ.

ಪಾತ್ರ ಸಿಗದಿದ್ರೂ ಬ್ಯಾಕ್‌ಸ್ಟೇಜ್‌ಗೆ ಬರೋ ಮನಸ್ಸಿದ್ರೆ ಹೇಳಿ. ರಂಗಪರಿಕರ ಜೋಡಿಸೋದು, ಪ್ರಾಂಪ್ಟ್ ಮಾಡೋದು, ಕಾಸ್ಟ್ಯೂಮ್ ಬದಲಾವಣೆಗೆ ಸೈಡ್ ವಿಂಗ್‌ನಲ್ಲಿ ನಿಲ್ಲೋದು. ದಿನಾ ರಿಹರ್ಸಲ್ ನೋಡ್ತಾ ಎಲ್ಲಾ ಹಾಡೂ ಬಾಯಿಗೆ ಬಂದಿರುತ್ತೆ, ಯಾರಿಗೋ ಜ್ವರ ಬಂದಾಗ ಆ ಜಾಗಕ್ಕೆ ಹತ್ತೋದು ಸಾಮಾನ್ಯವಾಗಿ ಅವರೇ.

ಎಷ್ಟು ಹೊತ್ತಿಗೆ ಬರ್ಬೇಕು, ಏನು ತರ್ಬೇಕು?

ಕರೆದ ಟೈಮಿಗೆ ಹತ್ತು ನಿಮಿಷ ಮುಂಚೆ. ನೀರಿನ ಬಾಟ್ಲಿ, ಒಂದು ಪೆನ್ಸಿಲ್, ಓದೋ ಕನ್ನಡಕ ಇದ್ರೆ ಮರೀದೆ ಕನ್ನಡಕ. ಊಟ ಹೊಟ್ಟೆ ತುಂಬಾ ಮಾಡ್ಕೊಂಡು ಬರ್ಬೇಡಿ, ಹಸ್ಕೊಂಡೂ ಬರ್ಬೇಡಿ. ನಿಮ್ಮ ಸರದಿ ಮುಗಿದ ಮೇಲೂ ಆಗೋದಾದ್ರೆ ಕೂತು ಬೇರೆಯೋರದ್ದು ನೋಡಿ, ಜೋಡಿ ಓದಿಗೆ ಯಾರಾದ್ರೂ ಒಬ್ರು ಬೇಕಾದಾಗ ಮೊದಲು ಕಣ್ಣು ಹೋಗೋದು ಅಲ್ಲಿ ಕೂತಿರೋರ ಮೇಲೇನೇ.